ಕೋಳಿಗೆ ಅಗಸೆ, ಮಗುವಿಗೆ ಮೊಟ್ಟೆ

ಅಂಕಣ: ಅಡುಗೆಮನೆಯ ವಿಜ್ಞಾನ



ನಿಮ್ಮೂರಿನ ಸೂಪರ್ ಮಾರ್ಕೆಟ್ಟಿನಲ್ಲಿ ಮೊಟ್ಟೆಯ ಕಪಾಟಿನ ಮುಂದೆ ನಿಂತು ನೀವು ಎಷ್ಟು ಹೊತ್ತು ಕಳೆದಿದ್ದೀರಿ? ನಾನು ಒಂದು ಶನಿವಾರ ಪೂರ್ತಿ ಹತ್ತು ನಿಮಿಷ ಕಳೆದೆ. ಎಡಗಡೆ ಸಾಮಾನ್ಯ ಮೊಟ್ಟೆ, ನಡುವೆ ಬಯೋ ಮೊಟ್ಟೆ, ಬಲಗಡೆ ಕಣ್ಣಿನ ಮಟ್ಟದಲ್ಲಿ 'ಒಮೆಗಾ-3 ಸಮೃದ್ಧ' ಎಂದು ಬರೆದ ಪೆಟ್ಟಿಗೆ. ಅದರ ಬೆಲೆ ಪಕ್ಕದ ಪೆಟ್ಟಿಗೆಗಿಂತ ಒಂದು ಯೂರೋಗೂ ಹೆಚ್ಚು. ಗಾಡಿಯಲ್ಲಿ ಕೂತ ಮಗಳು ಕಾಲು ಬಡಿಯುತ್ತಿದ್ದಳು. ನಾನು ಬಲಗಡೆಯದನ್ನೇ ಎತ್ತಿಕೊಂಡೆ.

ಅದನ್ನು ಕೊಂಡದ್ದು ವಿಜ್ಞಾನ ಓದಿದ್ದರಿಂದ ಅಲ್ಲ. ಕೊಬ್ಬಿನಾಮ್ಲಗಳನ್ನು ಅಳೆಯುವುದೇ ನನ್ನ ಹೊಟ್ಟೆಪಾಡಿನ ಕೆಲಸ, ಪಿಎಚ್‌ಡಿ ಮಾಡಿದ್ದೂ ಅದರಲ್ಲೇ. ಆದರೂ ಆ ದಿನ ಪೆಟ್ಟಿಗೆ ಎತ್ತಿದ ಕೈ ವಿಜ್ಞಾನಿಯದಾಗಿರಲಿಲ್ಲ, ಹೆದರಿದ ತಾಯಿಯದಾಗಿತ್ತು.

ವಿಷಯ ಇಷ್ಟೇ. ಹಿಂದಿನ ವಾರ ಮಗಳ ಯು-7 ತಪಾಸಣೆ ಇತ್ತು. ಜರ್ಮನಿಯಲ್ಲಿ ಮಕ್ಕಳನ್ನು ಬೆಳೆಸುವವರಿಗೆಲ್ಲ ಇದು ಗೊತ್ತು, ಎರಡನೇ ಹುಟ್ಟುಹಬ್ಬದ ಆಸುಪಾಸಿನಲ್ಲಿ ಬರುವ ಪರೀಕ್ಷೆ. "ಸುಮಾರು ಐವತ್ತು ಪದ ಆಡುತ್ತಾಳೆಯೇ?" ಎಂದು ವೈದ್ಯರು ಕೇಳಿದರು. ನಾನು ಮನಸ್ಸಿನಲ್ಲೇ ಎಣಿಸಿ "ಹದಿನೈದು ಇರಬಹುದು" ಎಂದೆ. "ಎರಡೂ ಭಾಷೆ ಸೇರಿಸಿ ಎಣಿಸಿದ್ದೀರಾ?" ಎಂದು ಅವರು ಕೇಳಿದ್ದು ಕಿವಿಗೆ ಬಿದ್ದರೂ ತಲೆಗೆ ಹೋಗಲಿಲ್ಲ. ಮರುದಿನ ಕೀಟಾದಲ್ಲಿ ಒಬ್ಬರು, "ಮನೆಯಲ್ಲೂ ಜರ್ಮನ್ ಮಾತಾಡಿ ನೋಡಿ" ಎಂದು ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ಸಂಜೆ ಊರಿನಿಂದ ಸಂಬಂಧಿಕರೊಬ್ಬರ ವಾಟ್ಸಾಪ್ ಸಂದೇಶ: ಸಸ್ಯಾಹಾರಿ ಮನೆಯ ಮಕ್ಕಳಿಗೆ ಒಮೆಗಾ-3 ಸಾಲದು, ಅದಕ್ಕೇ ಮಾತು ತಡ. ಮೂರು ಮಾತು ಒಂದೇ ವಾರದಲ್ಲಿ. ಶನಿವಾರ ನಾನು ಆ ಕಪಾಟಿನ ಮುಂದೆ ನಿಂತಿದ್ದೆ.

ನಿಮ್ಮಲ್ಲಿ ಹಲವರು ಅಲ್ಲಿ ನಿಂತಿದ್ದೀರಿ ಎಂದು ನನಗೆ ಗೊತ್ತು. ಹಾಗಾಗಿ ಈ ತಿಂಗಳು ಆ ಪೆಟ್ಟಿಗೆಯನ್ನೇ ಬಿಚ್ಚಿ ನೋಡೋಣ.

ಅವ್ವನ ಪ್ರಶ್ನೆ

ಆ ರವಿವಾರ ಧಾರವಾಡಕ್ಕೆ ವಿಡಿಯೋ ಕರೆ ಮಾಡಿದಾಗ ಅಡುಗೆ ಕಟ್ಟೆಯ ಮೇಲೆ ಪೆಟ್ಟಿಗೆ ಕಾಣಿಸಿತು. ನಮ್ಮ ತವರಿನಲ್ಲಿ ಮೊಟ್ಟೆ ಇಲ್ಲ. ನಾನು ತಿನ್ನಲು ಶುರು ಮಾಡಿದ್ದು ಗೊಟಿಂಗನ್‌ಗೆ ಬಂದ ಮೇಲೆ. ಮೊಮ್ಮಗಳ ಬಗ್ಗೆ ಅವ್ವ, "ಡಾಕ್ಟರ್ ಹೇಳ್ಯಾರಂದ್ರ ತಿನಸವಾ, ಖರೆ ನನಗ ತೋರಸಬ್ಯಾಡ" ಎಂದು ಒಪ್ಪಂದ ಮಾಡಿಕೊಂಡಿದ್ದಾಳೆ. ಆ ದಿನ ಮಾತ್ರ ಅವಳೇ ಕೇಳಿದಳು, "ಏನವಾ ಅವು, ಬಂಗಾರದ ತತ್ತಿ ಏನ? ಇಷ್ಟ್ಯಾಕ ರೊಕ್ಕ?"

"ಅವ್ವಾ, ಈ ಕೋಳಿಗಿ ಅಗಸಿ ತಿನಸಿರತಾರ. ಅದಕ್ಕ ತತ್ತಿಯೊಳಗ ಛಲೋ ಕೊಬ್ಬು ಬರತದ."

ಅವ್ವ ಸ್ವಲ್ಪ ಹೊತ್ತು ಸುಮ್ಮನಿದ್ದು, "ಕೋಳಿಗಿ ಅಗಸಿ ಹಾಕಿ, ಆ ತತ್ತಿ ಕೂಸಿಗಿ ಕೊಡೂದಕಿಂತ, ಕೂಸಿಗೇ ಅಗಸಿ ಹಿಂಡಿ ಹಾಕಿದ್ರ ಆಗೂದಿಲ್ಲೇನ?" ಎಂದಳು.

ನಮ್ಮ ಪ್ರಯೋಗಾಲಯದ ವಾರದ ಸಭೆಯಲ್ಲಿ ಇಷ್ಟು ನೇರವಾದ ಪ್ರಶ್ನೆ ಅಪರೂಪ. ಅದಕ್ಕೆ ಉತ್ತರ ಕೊಡಬೇಕಾದರೆ ಮೊದಲು ಕೋಳಿಯ ಹೊಟ್ಟೆಯೊಳಗೆ ಏನಾಗುತ್ತದೆ ಎಂದು ತಿಳಿಯಬೇಕು.

ಕೋಳಿ ತಿಂದದ್ದೇ ಮೊಟ್ಟೆ

ಒಂದು ಮಧ್ಯಮ ಗಾತ್ರದ ಮೊಟ್ಟೆಯಲ್ಲಿ ಸುಮಾರು 5 ಗ್ರಾಂ ಕೊಬ್ಬು ಇರುತ್ತದೆ, ಹೆಚ್ಚುಕಡಿಮೆ ಎಲ್ಲವೂ ಹಳದಿಯಲ್ಲಿ. ಒಮೆಗಾ-3 ಮೊಟ್ಟೆಯಲ್ಲಿ ಕೊಬ್ಬು ಕಡಿಮೆ ಇರುತ್ತದೆ, ಕೊಲೆಸ್ಟರಾಲ್ ಇರುವುದಿಲ್ಲ ಎಂದು ಕೆಲವರು ತಿಳಿದಿದ್ದಾರೆ. ಹಾಗಲ್ಲ. ಕೊಬ್ಬಿನ ಮೊತ್ತ ಹೆಚ್ಚುಕಡಿಮೆ ಅಷ್ಟೇ, ಕೊಲೆಸ್ಟರಾಲ್ ಕೂಡ ಹೆಚ್ಚುಕಡಿಮೆ ಅಷ್ಟೇ. ಬದಲಾಗುವುದು ಕೊಬ್ಬಿನ ಬಗೆ.

ಒಮೆಗಾ-3 ಎನ್ನುವುದು ಒಂದೇ ವಸ್ತುವಲ್ಲ, ಒಂದು ಮನೆತನ. ನಮಗೆ ಬೇಕಾದವರು ಅದರಲ್ಲಿ ಮೂವರು. ಮೊದಲನೆಯದು ಎಎಲ್‌ಎ, ಅಂದರೆ ಆಲ್ಫಾ ಲಿನೋಲೆನಿಕ್ ಆಮ್ಲ. ಇದು ಗಿಡಗಳಲ್ಲಿರುತ್ತದೆ: ಅಗಸೆ, ಅಕ್ರೋಡು, ರಾಪ್ಸ್ ಎಣ್ಣೆ. ನಮ್ಮ ದೇಹ ಇದನ್ನು ತಾನೇ ತಯಾರಿಸಲಾರದು, ಊಟದಿಂದಲೇ ಬರಬೇಕು. ಎರಡನೆಯದು ಇಪಿಎ, ಮೂರನೆಯದು ಡಿಎಚ್‌ಎ. ಇವೆರಡೂ ಮುಖ್ಯವಾಗಿ ಮೀನು ಮತ್ತು ಪಾಚಿಯಲ್ಲಿ ಸಿಗುತ್ತವೆ. ಮಿದುಳಿನಲ್ಲಿ ಮತ್ತು ಕಣ್ಣಿನ ಅಕ್ಷಿಪಟಲದಲ್ಲಿ ತುಂಬಿರುವುದು ಡಿಎಚ್‌ಎ. ಜಾಹೀರಾತಿನವರು 'ಮಿದುಳಿಗೆ ಒಳ್ಳೆಯದು' ಎನ್ನುವಾಗ ಅವರ ಮನಸ್ಸಿನಲ್ಲಿರುವುದು ಈ ಮೂರನೆಯದು.

ಮನುಷ್ಯರ ಯಕೃತ್ತು ಎಎಲ್‌ಎಯಿಂದ ಡಿಎಚ್‌ಎ ಮಾಡಬಲ್ಲದು, ಆದರೆ ಅದರ ಕೈ ಬಹಳ ಬಿಗಿ. ನೂರು ಪಾಲು ಅಗಸೆಯ ಕೊಬ್ಬು ಕೊಟ್ಟರೆ ಡಿಎಚ್‌ಎ ಆಗಿ ಬರುವುದು ಒಂದೆರಡು ಪಾಲು ಎಂದು ಇಟ್ಟುಕೊಳ್ಳಿ, ಎಷ್ಟೋ ಜನರಲ್ಲಿ ಅಷ್ಟೂ ಇಲ್ಲ. ಮೊಟ್ಟೆ ಇಡುವ ಹೇಂಟೆ ಈ ಕೆಲಸದಲ್ಲಿ ನಮಗಿಂತ ಜಾಣೆ. ಅವಳು ಅಗಸೆ ತಿಂದು, ಎಎಲ್‌ಎಯ ಒಂದು ಭಾಗವನ್ನು ಡಿಎಚ್‌ಎ ಮಾಡಿ, ಮರಿಯ ಮಿದುಳಿಗೆ ಬೇಕಾಗುತ್ತದೆಂದು ಹಳದಿಯಲ್ಲಿ ಕೂಡಿಡುತ್ತಾಳೆ. ನಾವು ತಿನ್ನುವುದು ಆ ಮರಿಯ ಬುತ್ತಿಯನ್ನು.

ಹಾಗಾಗಿ ಅವ್ವನ ಪ್ರಶ್ನೆಗೆ ಉತ್ತರ: ಅರ್ಧ ಸರಿ. ಎಎಲ್‌ಎ ಬೇಕಿದ್ದರೆ ಕೋಳಿಯ ಮಧ್ಯಸ್ಥಿಕೆ ಬೇಕಿಲ್ಲ, ಅಗಸೆ ಹಿಂಡಿಯೇ ಸಾಕು. ಡಿಎಚ್‌ಎ ಬೇಕಿದ್ದರೆ ಮಾತ್ರ ಕೋಳಿಗೆ ಒಂದು ಕೆಲಸ ಇದೆ.

ಇದು ಹೊಸ ಸಂಗತಿಯೂ ಅಲ್ಲ. 1989ರಲ್ಲಿ ಆರ್ಟೆಮಿಸ್ ಸಿಮೊಪೌಲೋಸ್ ಮತ್ತು ನಾರ್ಮನ್ ಸೇಲಂ ಎಂಬ ವಿಜ್ಞಾನಿಗಳು ಗ್ರೀಸಿನ ಹಳ್ಳಿಯಲ್ಲಿ ಅಡ್ಡಾಡಿ ಮೇಯುವ ಕೋಳಿಗಳ ಮೊಟ್ಟೆಯನ್ನು ಅಮೆರಿಕದ ಸೂಪರ್ ಮಾರ್ಕೆಟ್ ಮೊಟ್ಟೆಯ ಜೊತೆ ಹೋಲಿಸಿ ಒಂದು ಪುಟ್ಟ ವರದಿ ಬರೆದರು. ಅಂಗಡಿ ಮೊಟ್ಟೆಯಲ್ಲಿ ಒಂದು ಪಾಲು ಒಮೆಗಾ-3ಕ್ಕೆ 19.4 ಪಾಲು ಒಮೆಗಾ-6 ಇತ್ತು. ಹಳ್ಳಿ ಮೊಟ್ಟೆಯಲ್ಲಿ ಕೇವಲ 1.3. ಆ ಕೋಳಿಗಳು ತಿನ್ನುತ್ತಿದ್ದದ್ದು ಹುಳ, ಹುಲ್ಲು ಮತ್ತು ಒಂದು ಕಳೆ ಸೊಪ್ಪು. ಆ ಸೊಪ್ಪು ಯಾವುದು ಗೊತ್ತೇ? ಜರ್ಮನ್ನರು ಪೋರ್ಟುಲಾಕ್ ಎನ್ನುವ, ನಮ್ಮ ಅಜ್ಜಿಯಂದಿರು ಹೊಲದ ಬದುವಿನಿಂದ ಕಿತ್ತು ತಂದು ಬೇಳೆಯ ಜೊತೆ ಪಲ್ಯ ಮಾಡುತ್ತಿದ್ದ ಗೋಣಿ ಸೊಪ್ಪು. ಜೋಳ, ಸೋಯಾ ತಿಂದು ಕೂತಲ್ಲೇ ಕೂರುವ ಕೋಳಿಯ ಮೊಟ್ಟೆ ಒಂದು ಬಗೆ, ಸೊಪ್ಪು ಕೆದಕಿ ತಿನ್ನುವ ಕೋಳಿಯ ಮೊಟ್ಟೆ ಇನ್ನೊಂದು ಬಗೆ. ಇಂದಿನ ಒಮೆಗಾ-3 ಮೊಟ್ಟೆ ಎಂದರೆ ಆ ಹಳ್ಳಿ ಕೋಳಿಯ ಊಟವನ್ನು ಅಗಸೆ, ಪಾಚಿ ಅಥವಾ ಮೀನೆಣ್ಣೆಯ ರೂಪದಲ್ಲಿ ಚೀಲದಿಂದ ಸುರಿಯುವುದು.

ಈಗ ಲೆಕ್ಕ

ಆ ಶನಿವಾರವೇ ಮಾಡಬೇಕಿದ್ದ ಲೆಕ್ಕವನ್ನು ನಾನು ಮಾಡಿದ್ದು ಒಂದು ತಿಂಗಳ ನಂತರ. ನಿಮ್ಮ ಮುಂದೆ ಇಡುತ್ತೇನೆ. ಅಂಕಿಗಳು ಅಂದಾಜಿನವು, ಕೋಳಿಯ ಊಟದ ಮೇಲೆ ಏರಿಳಿಯುತ್ತವೆ.

ಸಾಮಾನ್ಯ ಮೊಟ್ಟೆಯೊಂದರಲ್ಲಿ ಡಿಎಚ್‌ಎ ಸುಮಾರು 30ರಿಂದ 50 ಮಿಲಿಗ್ರಾಂ. ನೆನಪಿಡಿ, ಸೊನ್ನೆಯಲ್ಲ. ಅಗಸೆ ತಿಂದ ಕೋಳಿಯ ಮೊಟ್ಟೆಯಲ್ಲಿ ಸುಮಾರು 80ರಿಂದ 100. ಪಾಚಿ ಅಥವಾ ಮೀನೆಣ್ಣೆ ತಿಂದ ಕೋಳಿಯದಾದರೆ 150ರ ಹತ್ತಿರ ಹೋಗಬಹುದು.

ನನ್ನ ಮಗಳು ವಾರಕ್ಕೆ ಮೂರು ಮೊಟ್ಟೆ ತಿನ್ನುತ್ತಾಳೆ. ಸಾಮಾನ್ಯ ಮೊಟ್ಟೆಯಾದರೆ ವಾರಕ್ಕೆ 120 ಮಿಲಿಗ್ರಾಂ, ಅಗಸೆ ಮೊಟ್ಟೆಯಾದರೆ 270. ವ್ಯತ್ಯಾಸ 150, ಅಂದರೆ ದಿನಕ್ಕೆ 21 ಮಿಲಿಗ್ರಾಂ. ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ ಎರಡು ವರ್ಷದೊಳಗಿನ ಮಕ್ಕಳಿಗೆ ದಿನಕ್ಕೆ 100 ಮಿಲಿಗ್ರಾಂ ಡಿಎಚ್‌ಎ ಸಾಕು ಎನ್ನುತ್ತದೆ. ಎರಡರ ನಂತರ ದೊಡ್ಡವರ ಸಲಹೆಯೇ, ಇಪಿಎ ಮತ್ತು ಡಿಎಚ್‌ಎ ಸೇರಿ ದಿನಕ್ಕೆ ಸುಮಾರು 250 ಮಿಲಿಗ್ರಾಂ, ಅಥವಾ ವಾರಕ್ಕೆ ಒಂದೆರಡು ಸಲ ಮೀನು. ಅದರ ಮುಂದೆ 21 ಎಂದರೆ ಏನೂ ಇಲ್ಲ ಎನ್ನಲಾಗದು, ಆದರೆ ಬಹಳವೂ ಅಲ್ಲ. ಮೀನು ತಿನ್ನುವ ಮನೆಯಲ್ಲಿ ಮಗುವಿಗೆ ಕೊಡುವ 30 ಗ್ರಾಮಿನ ಒಂದು ಸಣ್ಣ ಸಾಲ್ಮನ್ ತುಂಡಿನಲ್ಲಿ ಇವೆರಡೂ ಸೇರಿ ಸುಮಾರು 450 ಮಿಲಿಗ್ರಾಂ ಇರುತ್ತದೆ. ನನ್ನ ದುಬಾರಿ ಮೊಟ್ಟೆಯ ಮೂರು ವಾರದ ಹೆಚ್ಚುವರಿ ಲಾಭ ಒಂದು ತುತ್ತಿನಲ್ಲಿ.

ಇನ್ನು ಎಎಲ್‌ಎ. ಜರ್ಮನಿಯ ಪೋಷಣಾ ಸಂಘ ಡಿಜಿಇ, ದಿನದ ಶಕ್ತಿಯ ಶೇ. 0.5ರಷ್ಟು ಎಎಲ್‌ಎಯಿಂದ ಬರಲಿ ಎನ್ನುತ್ತದೆ. ದಿನಕ್ಕೆ 1,200 ಕ್ಯಾಲರಿ ತಿನ್ನುವ ಮಗುವಿಗೆ ಅದು 6 ಕ್ಯಾಲರಿ, ಅಂದರೆ ಸುಮಾರು 0.7 ಗ್ರಾಂ. ರಾಪ್ಸ್ ಎಣ್ಣೆಯಲ್ಲಿ ಸುಮಾರು ಶೇ. 9ರಷ್ಟು ಎಎಲ್‌ಎ ಇದೆ. ಎರಡು ಟೀ ಚಮಚ, ಅಂದರೆ 8 ಗ್ರಾಂ ಎಣ್ಣೆ ಹಾಕಿದರೆ ದಿನದ ಬಾಕಿ ತೀರಿತು. ಇಲ್ಲಿ ಶಿಶುಗಳ ತರಕಾರಿ ಗಂಜಿಗೆ ರಾಪ್ಸ್ ಎಣ್ಣೆ ಬೆರೆಸಲು ಹೇಳುವುದು ಇದಕ್ಕೇ.

ಈಗ ನಮ್ಮ ಅಡುಗೆಮನೆಗೆ ಬನ್ನಿ. ಒಗ್ಗರಣೆಗೆ ನಾವು ಬಳಸುವುದು ಏನು? ಸೂರ್ಯಕಾಂತಿ, ಶೇಂಗಾ, ಕುಸುಬೆ, ಕೊಬ್ಬರಿ ಎಣ್ಣೆ. ಈ ನಾಲ್ಕರಲ್ಲೂ ಎಎಲ್‌ಎ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಸೂರ್ಯಕಾಂತಿ ಮತ್ತು ಕುಸುಬೆಯಲ್ಲಿ ಒಮೆಗಾ-6 ತುಂಬಿದ್ದು, ಅದು ಯಕೃತ್ತಿನಲ್ಲಿ ಅದೇ ಕಿಣ್ವಕ್ಕಾಗಿ ಎಎಲ್‌ಎ ಜೊತೆ ಜಗಳಕ್ಕೆ ನಿಲ್ಲುತ್ತದೆ. ನನ್ನ ಮನೆಯಲ್ಲಿ ಒಂದು ಕಡೆ ದುಬಾರಿ ಒಮೆಗಾ-3 ಮೊಟ್ಟೆ, ಇನ್ನೊಂದು ಕಡೆ ಐದು ಲೀಟರಿನ ಸೂರ್ಯಕಾಂತಿ ಎಣ್ಣೆಯ ಡಬ್ಬ. ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಸಿಯುವ ಸಂಸಾರ! ಆ ಡಬ್ಬ ಮುಗಿದ ಮೇಲೆ ಸಂಸ್ಕರಿಸಿದ ರಾಪ್ಸ್ ಎಣ್ಣೆಗೆ ಬದಲಾದೆವು. ಸಾಸಿವೆ ಅದರಲ್ಲೂ ಚೆನ್ನಾಗಿಯೇ ಸಿಡಿಯುತ್ತದೆ.

ಮೊಟ್ಟೆಯಿಂದ ಮಾತು ಬರುತ್ತದೆಯೇ?

ನನ್ನನ್ನು ಆ ಕಪಾಟಿನ ಮುಂದೆ ನಿಲ್ಲಿಸಿದ್ದು ನಿಜವಾಗಿ ಈ ಪ್ರಶ್ನೆ. ಸುತ್ತುಬಳಸದೆ ಹೇಳುತ್ತೇನೆ.

ಯುರೋಪಿನ ಕಾನೂನಿನ ಪ್ರಕಾರ, ದಿನಕ್ಕೆ 250 ಮಿಲಿಗ್ರಾಂ ಡಿಎಚ್‌ಎ 'ಸಾಮಾನ್ಯ ಮಿದುಳಿನ ಕಾರ್ಯವನ್ನು ಕಾಪಾಡಲು ನೆರವಾಗುತ್ತದೆ' ಎಂದು ಬರೆಯಬಹುದು. ಅಲ್ಲಿ ತೂಕದ ಮಾತು 'ಸಾಮಾನ್ಯ'. ಕೊರತೆ ಆಗಬಾರದು ಎಂಬುದು ಒಂದು ಸಂಗತಿ, ಹೆಚ್ಚು ಕೊಟ್ಟರೆ ಹೆಚ್ಚು ಜಾಣರಾಗುತ್ತಾರೆ ಎಂಬುದು ಬೇರೆಯೇ ಸಂಗತಿ. 2012ರಲ್ಲಿ ಆಕ್ಸ್‌ಫರ್ಡ್‌ನ ಸಂಶೋಧಕರು ಓದಿನಲ್ಲಿ ಹಿಂದಿದ್ದ, 7ರಿಂದ 9 ವರ್ಷದ 362 ಮಕ್ಕಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ 16 ವಾರ ದಿನಕ್ಕೆ 600 ಮಿಲಿಗ್ರಾಂ ಪಾಚಿಯ ಡಿಎಚ್‌ಎ, ಇನ್ನೊಂದಕ್ಕೆ ಬೇರೆ ಎಣ್ಣೆ ಕೊಟ್ಟರು. ಒಟ್ಟಾರೆ ಗುಂಪಿನಲ್ಲಿ ಓದಿನ ವ್ಯತ್ಯಾಸ ಕಾಣಲಿಲ್ಲ. ತೀರ ಹಿಂದುಳಿದಿದ್ದ ಮಕ್ಕಳಲ್ಲಿ ಮಾತ್ರ ಸ್ವಲ್ಪ ಸುಧಾರಣೆ ಕಂಡಿತು. ಸುದ್ದಿಗೆ ಅದು ಸಾಕಾಗಿತ್ತು. ಅದೇ ತಂಡ ಪ್ರಯೋಗವನ್ನು ಮತ್ತೆ ಮಾಡಿ 2018ರಲ್ಲಿ ಪ್ರಕಟಿಸಿದಾಗ ಆ ಸುಧಾರಣೆಯೂ ಕಾಣಲಿಲ್ಲ. ದಿನಕ್ಕೆ 600 ಮಿಲಿಗ್ರಾಮಿನ ಕಥೆಯೇ ಹೀಗಿರುವಾಗ, ನನ್ನ 21 ಮಿಲಿಗ್ರಾಂ ಮಗಳ ಬಾಯಿಂದ ಪದ ಹೊರಡಿಸುತ್ತದೆ ಎಂದು ಯಾವ ಮುಖ ಇಟ್ಟುಕೊಂಡು ಹೇಳಲಿ?

ಎರಡು ಭಾಷೆ ಕೇಳಿ ಬೆಳೆಯುವುದರಿಂದ ಮಾತಿನ ತೊಂದರೆ ಹುಟ್ಟುವುದಿಲ್ಲ. ವೈದ್ಯರು ಕೇಳಿದ ಐವತ್ತು ಪದ ಎರಡೂ ಭಾಷೆ ಸೇರಿಸಿಯೇ. ಲೆಕ್ಕ ಮಾಡಿದ ಆ ಸಂಜೆ ಫ್ರಿಜ್ ಬಾಗಿಲಿಗೆ ಒಂದು ಹಾಳೆ ಅಂಟಿಸಿ, ಗಂಡ ನಾನು ಇಬ್ಬರೂ ಕಿವಿಗೆ ಬಿದ್ದ ಪದವನ್ನೆಲ್ಲ ಬರೆಯತೊಡಗಿದೆವು. ವಾರದ ಕೊನೆಗೆ 34 ಪದ: 13 ಜರ್ಮನ್, 21 ಕನ್ನಡ. ಆಸ್ಪತ್ರೆಯಲ್ಲಿ ನಾನು ಹೇಳಿದ ಹದಿನೈದು ಜರ್ಮನ್ ಮಾತ್ರ. 'ಬ್ಯಾಡ', 'ಇನ್ನಾ', 'ಹಾಲ', 'ಅಲ್ಲಿ', 'ಜೋ' ಇವನ್ನು ನಾನೇ ಪದ ಎಂದು ಎಣಿಸಿರಲಿಲ್ಲ. ಕನ್ನಡ ಉಳಿಸಬೇಕು ಎಂದು ಈ ಪತ್ರಿಕೆಗೆ ಬರೆಯುವ ನಾನು, ಮಗಳ ಕನ್ನಡವನ್ನೇ ಲೆಕ್ಕಕ್ಕೆ ಹಿಡಿದಿರಲಿಲ್ಲ. ಮೊಟ್ಟೆಗೆ ಹೆಚ್ಚು ಕೊಟ್ಟ ದುಡ್ಡಿಗಿಂತ ಅದು ನನಗೆ ಹೆಚ್ಚು ಚುಚ್ಚಿತು.

34 ಕೂಡ 50 ಅಲ್ಲ, ನಿಜ. ಆದ್ದರಿಂದ ಹಾಳೆ ಹಿಡಿದು ಮತ್ತೆ ವೈದ್ಯರ ಬಳಿ ಹೋದೆವು, ಕಿವಿ ಪರೀಕ್ಷೆ ಮಾಡಿಸಿದೆವು, ಕೇಳುವುದು ಚೆನ್ನಾಗಿದೆ ಎಂದು ತಿಳಿಯಿತು. ನಿಮ್ಮ ಮಗು ಎರಡೂ ಭಾಷೆಯಲ್ಲಿ ಹಿಂದಿದೆ ಅನಿಸಿದರೆ ನೀವೂ ಅದನ್ನೇ ಮಾಡಿ. ಮೊಟ್ಟೆ ಬದಲಿಸಿ ಕಾಯಬೇಡಿ, ಮನೆಯ ಭಾಷೆಯನ್ನೂ ಬದಲಿಸಬೇಡಿ.

ಪೆಟ್ಟಿಗೆ ಓದುವುದು ಹೇಗೆ

ಹಾಗಾದರೆ ಒಮೆಗಾ-3 ಮೊಟ್ಟೆ ಮೋಸವೇ? ಅಲ್ಲ. ಮೀನು ತಿನ್ನದ, ಮೊಟ್ಟೆ ತಿನ್ನುವ ಮನೆಗೆ ಅದು ಡಿಎಚ್‌ಎಯ ಒಂದು ಸಣ್ಣ, ಪ್ರಾಮಾಣಿಕ ಮೂಲ. ದುಡ್ಡು ಭಾರವಾಗದಿದ್ದರೆ ಕೊಳ್ಳಿ. ಕೊಳ್ಳುವಾಗ ಮೂರು ಸಂಗತಿ ನೋಡಿ.

ಒಂದು, ಯಾವ ಒಮೆಗಾ-3 ಎಂದು ಬರೆದಿದೆಯೇ? ಯುರೋಪಿನ ನಿಯಮದಂತೆ 'ಸಮೃದ್ಧ' ಎಂದು ಬರೆಯಲು ಎರಡು ದಾರಿ ಇವೆ: 100 ಗ್ರಾಂ ಮತ್ತು 100 ಕ್ಯಾಲರಿಗೆ ಕನಿಷ್ಠ 0.6 ಗ್ರಾಂ ಎಎಲ್‌ಎ ಇರಬೇಕು, ಇಲ್ಲವೇ ಇಪಿಎ ಮತ್ತು ಡಿಎಚ್‌ಎ ಸೇರಿ ಕನಿಷ್ಠ 80 ಮಿಲಿಗ್ರಾಂ ಇರಬೇಕು. ಎರಡನೇ ದಾರಿಯನ್ನು ಒಂದು ಮೊಟ್ಟೆಯ ಲೆಕ್ಕಕ್ಕೆ ಇಳಿಸಿದರೆ ಸುಮಾರು 55ರಿಂದ 60 ಮಿಲಿಗ್ರಾಂ, ಸಾಮಾನ್ಯ ಮೊಟ್ಟೆಗಿಂತ ಸ್ವಲ್ಪ ಮೇಲೆ ಅಷ್ಟೇ. ಆದ್ದರಿಂದ ಮುಂದಿನ ದೊಡ್ಡ ಅಕ್ಷರ ಬಿಟ್ಟು ಹಿಂದಿನ ಕೋಷ್ಟಕ ಓದಿ. ಡಿಎಚ್‌ಎ ಎಷ್ಟು ಎಂದು ಮಿಲಿಗ್ರಾಮಿನಲ್ಲಿ ಬರೆದಿದ್ದರೆ ಸಂತೋಷ.

ಎರಡು, ಮೊಟ್ಟೆಯ ಮೇಲಿನ ಮುದ್ರೆ. ಮೊದಲ ಅಂಕಿ ಕೋಳಿಯ ಬಾಳು ಹೇಳುತ್ತದೆ: 0 ಎಂದರೆ ಬಯೋ, 1 ಎಂದರೆ ಹೊರಗೆ ಅಡ್ಡಾಡುವ ಕೋಳಿ, 2 ಎಂದರೆ ಕೊಟ್ಟಿಗೆಯ ನೆಲದ ಮೇಲಿನ ಕೋಳಿ, 3 ಎಂದರೆ ಪಂಜರ. ಆಮೇಲಿನ ಡಿಇ ಎಂದರೆ ಜರ್ಮನಿ, ನಂತರದ ಎರಡು ಅಂಕಿ ರಾಜ್ಯ. ನಮ್ಮ ನೀಡರ್‌ಸಾಕ್ಸನ್ 03, ಬವೇರಿಯಾ 09. 'ಒಮೆಗಾ-3' ಎಂದ ಮಾತ್ರಕ್ಕೆ ಕೋಳಿ ಹುಲ್ಲಿನ ಮೇಲೆ ಓಡಾಡಿದೆ ಎಂದರ್ಥವಲ್ಲ. 2ನೇ ನಂಬರಿನ ಕೋಳಿಗೂ ಅಗಸೆ ತಿನ್ನಿಸಬಹುದು. ಅಂದಹಾಗೆ, ಇಲ್ಲಿ ಬಣ್ಣ ಹಚ್ಚಿ ಬೇಯಿಸಿ ಮಾರುವ ಮೊಟ್ಟೆಗೆ ಈ ಮುದ್ರೆ ಕಡ್ಡಾಯವಲ್ಲ.

ಮೂರು, ಹಳದಿಯ ಬಣ್ಣಕ್ಕೆ ಮರುಳಾಗಬೇಡಿ. ಕಡು ಕೇಸರಿ ಹಳದಿ ಎಂದರೆ ಹೆಚ್ಚು ಪೌಷ್ಟಿಕ ಎಂದಲ್ಲ. ಅದು ಮೆಕ್ಕೆಜೋಳ, ಕೆಂಪು ಮೆಣಸು, ಚೆಂಡು ಹೂವಿನ ಬಣ್ಣ. ಗುಂಡ್ಲುಪೇಟೆಯ ದಾರಿಯಲ್ಲಿ ನೀವು ಕಾರು ನಿಲ್ಲಿಸಿ ಫೋಟೋ ತೆಗೆದುಕೊಂಡ ಚೆಂಡು ಹೂವಿನ ಹೊಲ ನೆನಪಿದೆಯೇ? ಅಂಥ ಹೂವಿನಿಂದ ತೆಗೆದ ಬಣ್ಣವೇ ಕೋಳಿಯ ಮೇವಿಗೂ ಸೇರುವುದು. ಒಮೆಗಾ-3ಗೆ ಬಣ್ಣವಿಲ್ಲ.

ಇನ್ನು ಎಷ್ಟು ಮೊಟ್ಟೆ? 2024ರಲ್ಲಿ ಡಿಜಿಇ 'ವಾರಕ್ಕೆ ಒಂದು ಮೊಟ್ಟೆ' ಎಂದಾಗ ಗುಂಪುಗಳಲ್ಲಿ ಗಾಬರಿ ಹಬ್ಬಿತ್ತು. ಆ ಸಲಹೆ 18ರಿಂದ 65 ವರ್ಷದ, ಮೀನು ಮಾಂಸ ಎಲ್ಲ ತಿನ್ನುವ ಆರೋಗ್ಯವಂತರಿಗೆ, ಪರಿಸರದ ಲೆಕ್ಕವನ್ನೂ ಸೇರಿಸಿ ಮಾಡಿದ್ದು. ಮಾಂಸವಿಲ್ಲದ ನಮ್ಮಂಥ ಮನೆಯ ಮಗುವಿಗೆ ವಾರಕ್ಕೆ ಎರಡು ಮೂರು ಮೊಟ್ಟೆ ಎಂದರೆ ಒಳ್ಳೆಯ ಪ್ರೋಟೀನು, ಬಿ12, ಕೋಲೀನ್, ಸ್ವಲ್ಪ ಅಯೋಡಿನ್. ಇದೆಲ್ಲ ಅಗ್ಗದ ಮೊಟ್ಟೆಯಲ್ಲೂ ಅಷ್ಟೇ ಇದೆ. ಕರ್ನಾಟಕದಲ್ಲಿ 2021ರ ಡಿಸೆಂಬರಿನಲ್ಲಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳು ಮತ್ತು ವಿಜಯಪುರದ ಶಾಲೆಗಳಲ್ಲಿ ಮಧ್ಯಾಹ್ನದ ಊಟಕ್ಕೆ ಮೊಟ್ಟೆ ಬಂತು, ತಿನ್ನದವರಿಗೆ ಬಾಳೆಹಣ್ಣು. 2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ನಿನ ನೆರವಿನಿಂದ ಅದು ವಾರಕ್ಕೆ ಆರು ದಿನವಾಯಿತು. ಅಲ್ಲಿ ಯಾರೂ ಅಗಸೆ ತಿಂದ ಕೋಳಿ ಕೇಳಲಿಲ್ಲ. ಬರಿಯ ಮೊಟ್ಟೆಗೇ ಎಷ್ಟು ಬೆಲೆ ಇದೆ ಎಂಬುದನ್ನು ಇಲ್ಲಿ ಕೂತ ನಾವು ಮರೆಯುತ್ತೇವೆ.

ಪುಟ್ಟ ಮಕ್ಕಳಿಗೆ, ಗರ್ಭಿಣಿಯರಿಗೆ ಪೂರ್ತಿ ಬೆಂದ ಮೊಟ್ಟೆಯನ್ನೇ ಕೊಡಿ. ಶಿಶುವಿಗೆ ಮೇಲೂಟ ಶುರುವಾದಾಗ ಚೆನ್ನಾಗಿ ಬೆಂದ ಮೊಟ್ಟೆಯನ್ನು ಸೇರಿಸಿ ಆಗಾಗ ಕೊಡುತ್ತಿರುವುದು ಅಲರ್ಜಿ ತಡೆಗೆ ಒಳ್ಳೆಯದು ಎಂದು ಜರ್ಮನಿಯ 2022ರ ಮಾರ್ಗಸೂಚಿ ಹೇಳುತ್ತದೆ. ಮಗುವಿಗೆ ಜೋರು ಇಸುಬು ಇದ್ದರೆ ಮೊದಲು ವೈದ್ಯರನ್ನು ಕೇಳಿ.

ಮೊಟ್ಟೆ ಬಾರದ ಮನೆಗಳಿಗೆ

ಮೊಟ್ಟೆ ತಿನ್ನದ ಓದುಗರೇ, ನೀವು ಏನನ್ನೂ ಕಳೆದುಕೊಂಡಿಲ್ಲ. ಎಎಲ್‌ಎಗೆ ರಾಪ್ಸ್ ಎಣ್ಣೆ ಇದೆ, ಪುಡಿ ಮಾಡಿದ ಅಕ್ರೋಡು ಇದೆ. ಇಡೀ ಅಕ್ರೋಡು ಪುಟ್ಟ ಮಕ್ಕಳ ಗಂಟಲಿಗೆ ಅಪಾಯ. ಅಗಸೆ ಎಣ್ಣೆಯಲ್ಲಿ ಅರ್ಧಕ್ಕೂ ಹೆಚ್ಚು ಎಎಲ್‌ಎ. ಅದನ್ನು ಬಿಸಿ ಮಾಡಬಾರದು, ಸಣ್ಣ ಬಾಟಲಿ ತಂದು ಫ್ರಿಜ್ಜಿನಲ್ಲಿಡಿ. ಇಲ್ಲಿನ ಲಾವ್‌ಸಿಟ್ಸ್ ಸೀಮೆಯವರು ಬೇಯಿಸಿದ ಆಲೂಗಡ್ಡೆ, ಕ್ವಾರ್ಕ್ ಮೊಸರಿನ ಮೇಲೆ ಅಗಸೆ ಎಣ್ಣೆ ಸುರಿದು ತಿನ್ನುತ್ತಾರೆ. ನಾವು ಜೋಳದ ರೊಟ್ಟಿಯ ಮೇಲೆ ಅಗಸೆ ಹಿಂಡಿ, ಮೊಸರು ಹಾಕಿ ತಿನ್ನುತ್ತೇವೆ. ಎರಡು ಊರಿನ ಬಡವರ ಊಟ, ಒಂದೇ ಬೀಜ.

ಅಗಸೆಯನ್ನು ಪುಡಿ ಮಾಡಲೇಬೇಕು, ಇಡೀ ಬೀಜ ಬಂದ ದಾರಿಯಲ್ಲೇ ಹೋಗುತ್ತದೆ. ಹಸಿ ಅಗಸೆಯಲ್ಲಿ ಸಯನೈಡ್ ಬಿಡುವ ವಸ್ತು ಸ್ವಲ್ಪ ಇರುವುದರಿಂದ ಕೆಲವು ಪೊಟ್ಟಣಗಳ ಮೇಲೆ 'ಹಸಿಯಾಗಿ ತಿನ್ನಬೇಡಿ' ಎಂದೇ ಬರೆದಿರುತ್ತದೆ. ಅದನ್ನು ಓದಿ, ಹುರಿದು ಬಳಸಿ, ಚಿಕ್ಕ ಮಕ್ಕಳಿಗೆ ಚಿಟಿಕೆಯ ಲೆಕ್ಕದಲ್ಲಿ ಕೊಡಿ.

ಡಿಎಚ್‌ಎಗೆ ಪಾಚಿ ಎಣ್ಣೆ ಇದೆ. ಮೀನು ಅದನ್ನು ಪಡೆಯುವುದೂ ಮೂಲದಲ್ಲಿ ಪಾಚಿಯಿಂದಲೇ. ಮುಖ್ಯವಾಗಿ ಗರ್ಭಿಣಿಯರು, ಎದೆಹಾಲು ಕೊಡುವವರು ಕೇಳಿಸಿಕೊಳ್ಳಿ: ಮೀನು ತಿನ್ನದಿದ್ದರೆ ದಿನಕ್ಕೆ 200 ಮಿಲಿಗ್ರಾಂ ಡಿಎಚ್‌ಎ ಬಗ್ಗೆ ನಿಮ್ಮ ವೈದ್ಯರ ಜೊತೆ ಮಾತಾಡಿ. ಈ ಇಡೀ ವಿಷಯದಲ್ಲಿ ಡಿಎಚ್‌ಎ ಗಂಭೀರವಾಗಿ ಯೋಚಿಸಬೇಕಾದ ಕಾಲ ಅದು, ಯು-7ರ ಹಿಂದಿನ ವಾರವಲ್ಲ.

ಈ ತಿಂಗಳ ಆಟ

ಮೊಟ್ಟೆ ಪೆಟ್ಟಿಗೆ ಮೇಲಿನ ಕೊನೆಯ ದಿನಾಂಕದಿಂದ 28 ದಿನ ಹಿಂದಕ್ಕೆ ಎಣಿಸಿದರೆ ಸಾಮಾನ್ಯವಾಗಿ ಮೊಟ್ಟೆ ಇಟ್ಟ ದಿನ ಸಿಗುತ್ತದೆ. ಶಾಲೆಗೆ ಹೋಗುವ ಮಕ್ಕಳಿಗೆ ಇದನ್ನು ಕನ್ನಡದಲ್ಲೇ ಎಣಿಸಲು ಹೇಳಿ. ಜರ್ಮನ್ನಿನಲ್ಲಿ 'ಎಂಟು ಮತ್ತು ಇಪ್ಪತ್ತು', ನಮ್ಮಲ್ಲಿ 'ಇಪ್ಪತ್ತೆಂಟು'. ತಲೆಕೆಳಗಾದ ಅಂಕಿ ಕಂಡು ಮಕ್ಕಳು ನಗುತ್ತಾರೆ. ಚಿಕ್ಕವರಿಗೆ ಮುದ್ರೆಯ ಮೊದಲ ಅಂಕಿ ಓದಿಸಿ: ಸೊನ್ನೆ, ಒಂದು, ಎರಡು. ಬೇಯಿಸಿದ ಮೊಟ್ಟೆ ಕೈಗೆ ಕೊಟ್ಟು ಈ ಪದಗಳನ್ನು ಆಡಿಸಿ: ತಟ್ಟು, ಒಡೆ, ಸುಲಿ, ಸಿಪ್ಪೆ, ಬಿಳಿ, ಹಳದಿ, ಉಪ್ಪು, ಚೂರು. ನಿಮ್ಮ ಮನೆಯಲ್ಲಿ ಅದು 'ಮೊಟ್ಟೆ'ಯೋ 'ತತ್ತಿ'ಯೋ, ಎರಡನ್ನೂ ಕಲಿಸಿ.

ನಮ್ಮ ಮನೆಯಲ್ಲಿ ಈ ಆಟ ನಡೆಯುತ್ತಲೇ ಇದೆ. ಮಗಳಿಗೆ ಈಗ ಮೂರು ತುಂಬಿದೆ, ಯು-7ಎ ಮುಗಿದಿದೆ, ಬಾಯಿ ಮುಚ್ಚುವ ಲಕ್ಷಣವಿಲ್ಲ. ಮೊಟ್ಟೆಯ ಚಿಪ್ಪಿಗೆ ಜರ್ಮನ್ನಿನಲ್ಲಿ 'ಶಾಲೆ' ಎನ್ನುತ್ತಾರೆ. ಮೊನ್ನೆ ಅಜ್ಜಿಗೆ ಫೋನಿನಲ್ಲಿ ಮೊಟ್ಟೆ ತೋರಿಸಿ, "ಅಜ್ಜೀ, ನಾ ಶಾಲೆ ಒಡದೆ!" ಎಂದಳು. ಅವ್ವ ಗಾಬರಿಯಾಗಿ, "ಅಯ್ಯ, ಯಾರದವಾ ಶಾಲಿ?" ಎಂದಳು. ವಿವರಿಸಿದ ಮೇಲೆ ನಕ್ಕು ನಕ್ಕು, "ತೋರಸಬ್ಯಾಡ" ಎಂದಿದ್ದನ್ನೂ ಮರೆತು, ಮೊಮ್ಮಗಳು ಪೂರ್ತಿ ಸುಲಿದು ತಿನ್ನುವವರೆಗೂ ನೋಡುತ್ತ ಕೂತಿದ್ದಳು.

ಆ ಮೊಟ್ಟೆ 1ನೇ ನಂಬರಿನದು, ಒಮೆಗಾ ಇಲ್ಲದ್ದು. ಫ್ರಿಜ್ಜಿನ ಮೇಲಿನ ಹಾಳೆ ಇನ್ನೂ ಇದೆ, ಬರೆಯಲು ಜಾಗ ಉಳಿದಿಲ್ಲ. ನಿಮ್ಮ ಮನೆಯಲ್ಲೂ ಒಂದು ಹಾಳೆ ಅಂಟಿಸಿ. ಎಣಿಸುವಾಗ ಕನ್ನಡವನ್ನು ಬಿಡಬೇಡಿ.